ಬರ್ಲಿನ್‌ಗೆ ಬರುವವರೇ, ಅಂಚೆಪೆಟ್ಟಿಗೆಗೆ ಹೆಸರು ಹಾಕಲು ಬಿಡದ ಮನೆಗೆ ದುಡ್ಡು ಕೊಡಬೇಡಿ

ಮೊನ್ನೆ ಇಲ್ಲಿನ ವಾಟ್ಸಾಪ್ ಗುಂಪೊಂದರಲ್ಲಿ ಮನೆ ಬಾಡಿಗೆಗಿದೆ ಅಂತ ನಾಲ್ಕು ಫೋಟೊ ಬಂದವು. ಬೂದು ಬಣ್ಣದ ಸೋಫಾ, ಕಿಟಕಿಯಾಚೆ ಬೋಳು ಮರ, ಮೂರನೆಯದರಲ್ಲಿ ಅಡುಗೆಮನೆ. ಒಲೆಯ ಮೇಲೊಂದು ಮೂರು ಲೀಟರಿನ ಕುಕ್ಕರ್, ಅದರ ಹಿಡಿಗೆ ಕೆಂಪು ದಾರ. ಹಿಡಿ ಸಡಿಲವಾಗಿದೆ ಅಂತ ಆ ದಾರ ಸುತ್ತಿದ್ದು ನಾನೇ. ದಾವಣಗೆರೆಯಿಂದ ಹೊರಡುವಾಗ ಅಮ್ಮ ಬಟ್ಟೆಗಳ ಮಧ್ಯೆ ತುರುಕಿಕೊಟ್ಟ ಕುಕ್ಕರ್ ಅದು. ಫೋಟೊದಲ್ಲಿದ್ದ ಆ ಮನೆಯನ್ನು ನಾವು ಬಿಡುವ ಗಡಿಬಿಡಿಯಲ್ಲಿ ಅಲ್ಲೇ ಉಳಿಯಿತು. ಇಷ್ಟು ದಿನ ಸುಮ್ಮನಿದ್ದೆ, ಫೋಟೊ ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಾವು ಬಂದಿದ್ದು 2023ರ ನವೆಂಬರಿನಲ್ಲಿ. ನನ್ನವರಿಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ, ನಾನು ಅವರ ಹೆಂಡತಿಯಾಗಿ ಬಂದವಳು. ಬರ್ಲಿನ್‌ನಲ್ಲಿ ಮನೆ ಸಿಗುವುದು ಎಷ್ಟು ಕಷ್ಟ ಅಂತ ಮೊದಲೇ ಕೇಳಿದ್ದೆವು. ಊರಲ್ಲಿ ಕೂತು ಐವತ್ತಕ್ಕೂ ಹೆಚ್ಚು ಮನೆಗಳಿಗೆ ಮೇಲ್ ಹಾಕಿದರೆ ಎರಡಕ್ಕೆ ಉತ್ತರ ಬಂತು, ಎರಡೂ ಆಗುವುದಿಲ್ಲ ಅಂತ. ಅಷ್ಟರಲ್ಲಿ ಸಿಕ್ಕಿದವರು ಇವರು. ಕನ್ನಡದವರು, ಹತ್ತು ವರ್ಷದಿಂದ ಜರ್ಮನಿಯಲ್ಲಿದ್ದೇನೆ ಅಂದರು. "ಸರ್, ಇದು ನಮ್ಮವರಿಗೆ ಅಂತಲೇ ಇಟ್ಟಿರೋ ಮನೆ, ಬೇರೆಯವರಿಗೆ ಕೊಡಲ್ಲ" ಅಂದರು. ನನಗೆ ಫೋನ್ ಕೊಡಿಸಿಕೊಂಡು "ಅಕ್ಕಾ, ನೀವೇನೂ ಯೋಚನೆ ಮಾಡ್ಬೇಡಿ, ಏರ್‌ಪೋರ್ಟಿಗೆ ನಾನೇ ಬರ್ತೀನಿ" ಅಂದರು. ಬಂದರು ಕೂಡ, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಸಮೇತ. ನನ್ನ ಜೀವಮಾನದಲ್ಲೇ ಅಷ್ಟು ದುಬಾರಿ ಕಾಫಿ ಕುಡಿದಿಲ್ಲ.

ಬಾಡಿಗೆ ತಿಂಗಳಿಗೆ 1,200 ಯುರೋ, ಅಡ್ವಾನ್ಸ್ 2,400. "ನಿಮಗೆ ಇನ್ನೂ ಇಲ್ಲಿ ಖಾತೆ ಇಲ್ವಲ್ಲ, ಬೆಂಗಳೂರಲ್ಲಿ ನನ್ನ ತಮ್ಮನ ಖಾತೆಗೆ ರೂಪಾಯಲ್ಲೇ ಹಾಕ್ಬಿಡಿ" ಅಂದರು. ಎಷ್ಟು ಅನುಕೂಲ ಅನಿಸಿತು ಗೊತ್ತಾ? 2,16,000 ರೂಪಾಯಿ ಎರಡು ಕಂತಿನಲ್ಲಿ ಕಳಿಸಿದೆವು. ಷರಾ ಬರೆಯುವ ಜಾಗದಲ್ಲಿ 'ಗಿಫ್ಟ್' ಅಂತ ಹಾಕಿ ಅಂದರು, ಅದನ್ನೂ ಹಾಕಿದೆವು. ಒಪ್ಪಂದ ಅಂತ ಎರಡು ಪುಟದ ಪಿಡಿಎಫ್ ಬಂತು, ಪೂರ್ತಿ ಜರ್ಮನ್‌ನಲ್ಲಿ. ಕೊನೆಯಲ್ಲೊಂದು ಸಾಲಿತ್ತು: 'ಆನ್ಮೆಲ್ಡುಂಗ್ ನಿಷ್ಟ್ ಮ್ಯೋಗ್ಲಿಷ್'. ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನೋಡಲಿಲ್ಲ, ನಮ್ಮವರಲ್ವಾ.

ಆ ಸಾಲಿನ ಅರ್ಥ, ಈ ವಿಳಾಸದಲ್ಲಿ ನೋಂದಣಿ ಆಗುವುದಿಲ್ಲ ಅಂತ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅದೇ ಆನ್ಮೆಲ್ಡುಂಗ್. ಬರ್ಲಿನ್‌ನಲ್ಲಿ ಆಗ ಅದಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಒಂದು ಸಾಹಸವಾಗಿತ್ತು, ಆ ಮಾತು ಬಿಡಿ. ಹೋಗುವಾಗ ಮನೆ ಕೊಟ್ಟವರ ಸಹಿಯಿರುವ ಒಂದು ಹಾಳೆ ಬೇಕು. 2015ರ ನವೆಂಬರಿನಿಂದ ಇದು ಕಾನೂನು, ಕೊಡುವುದಿಲ್ಲ ಅನ್ನುವ ಹಾಗಿಲ್ಲ. ನಾವು ಕೇಳಿದಾಗಲೆಲ್ಲ "ಆಗುತ್ತೆ ಅಕ್ಕಾ, ಇಲ್ಲಿ ಎಲ್ಲಾ ನಿಧಾನ" ಅಂತಿದ್ದರು. ಕೊಡಲಾಗದ ಕಾರಣ ಆಮೇಲೆ ತಿಳಿಯಿತು. ಮನೆ ಅವರದ್ದಲ್ಲ, ಅವರೇ ಬಾಡಿಗೆದಾರರು. ಮಾಲೀಕರಿಗೆ ಹೇಳದೆ ನಮಗೆ ಒಳಬಾಡಿಗೆ ಕೊಟ್ಟಿದ್ದರು.

ಹೊಸ ಜಾಗದ ಗುಂಗಿನಲ್ಲಿ ಮೊದಲ ವಾರಗಳು ಕಳೆದವು. ಸಂಜೆ ನಾಲ್ಕಕ್ಕೇ ಕತ್ತಲು. ಮೊದಲ ಭಾನುವಾರ ಹಾಲು ತರಲು ಹೋದರೆ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿವರೆಗೆ ಹೋಗಬೇಕಾಯಿತು. ಇಂಥದ್ದಕ್ಕೆಲ್ಲ ಇಬ್ಬರೂ ನಗುತ್ತಿದ್ದೆವು. ನಗು ನಿಂತಿದ್ದು ಅಂಚೆಯ ವಿಷಯಕ್ಕೆ.

ಇಲ್ಲಿ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ನಮ್ಮಂತೆ ಮನೆ ನಂಬರ್ ಇರುವುದಿಲ್ಲ. ಕಾಗದ ಬರುವುದು ಪೆಟ್ಟಿಗೆಯ ಮೇಲಿನ ಹೆಸರು ನೋಡಿ. ನಮ್ಮ ಪೆಟ್ಟಿಗೆಯ ಮೇಲಿದ್ದಿದ್ದು ಮನೆ ಕೊಟ್ಟವರ ಹೆಸರು. ಆ್ಯಪ್ ಬ್ಯಾಂಕಿನಲ್ಲಿ ಖಾತೆ ಹೇಗೋ ಆಯಿತು, ಕಾರ್ಡ್ ಬರಲಿಲ್ಲ. ಆರೋಗ್ಯ ವಿಮೆಯ ಕಾರ್ಡ್ 'ವ್ಯಕ್ತಿ ಇಲ್ಲ' ಅಂತ ವಾಪಸ್ ಹೋಯಿತು. ಡಿಸೆಂಬರಿನಲ್ಲಿ ನನಗೆ ಹಲ್ಲುನೋವು ಬಂದು ಮುಖ ಊದಿಕೊಂಡಾಗ, ದಂತವೈದ್ಯರ ಸ್ವಾಗತದ ಹುಡುಗಿ ಮೊದಲು ಕೇಳಿದ್ದೇ ಆ ಕಾರ್ಡ್. ವಿಮೆಯವರಿಗೆ ಫೋನ್ ಮಾಡಿದರೆ ಬದಲಿ ಪತ್ರವನ್ನು ಅವತ್ತೇ ಕ್ಲಿನಿಕ್‌ಗೆ ಕಳಿಸುತ್ತಾರೆ ಅಂತ ಅವಳೇ ಹೇಳಿಕೊಟ್ಟಳು, ಪುಣ್ಯಾತ್ಗಿತ್ತಿ.

ಅವತ್ತು ಮನೆಗೆ ಬಂದವಳೇ ನೋಟ್‌ಬುಕ್ಕಿನ ಹಾಳೆ ಹರಿದು ನಮ್ಮಿಬ್ಬರ ಹೆಸರು ದಪ್ಪಕ್ಷರದಲ್ಲಿ ಬರೆದು ಪೆಟ್ಟಿಗೆಗೆ ಟೇಪ್ ಹಚ್ಚಿದೆ. ಮಾರನೇ ದಿನ ಹಾಳೆ ಇರಲಿಲ್ಲ, ನಾಲ್ಕು ಮೂಲೆಯ ಟೇಪ್ ಮಾತ್ರ ಇತ್ತು. ಮತ್ತೆ ಅಂಟಿಸಿದೆ, ಮತ್ತೆ ಹೋಯಿತು. ಕಿತ್ತವರು ಯಾರೋ ಅಂದುಕೊಂಡರೆ ಮನೆ ಕೊಟ್ಟವರೇ! ಸಂಜೆ ಬಂದು ಕಿತ್ತು ಹೋಗುತ್ತಿದ್ದರಂತೆ. ಕೆಳಮನೆಯ ನಾಯಿ ಸಾಕಿದ ಅಜ್ಜಿ ಕೈಸನ್ನೆಯಲ್ಲಿ ತಿಳಿಸಿದರು. ನನ್ನವರು ಜೋರು ಮಾಡಿ ಕೇಳಿದ್ದಕ್ಕೆ, "ಬ್ರದರ್, 250 ಯುರೋ ಕೊಡಿ, ನನ್ನ ಫ್ರೆಂಡ್ ಮನೆ ವಿಳಾಸದಲ್ಲಿ ನೋಂದಣಿ ಮಾಡಿಸ್ಕೊಡ್ತೀನಿ" ಅಂದರು. ಸುಳ್ಳು ಹೇಳಲ್ಲ, ದುಡ್ಡು ತೆಗೆದಿಟ್ಟಿದ್ದೆವು. ಆಫೀಸಿನ ಜರ್ಮನ್ ಸಹೋದ್ಯೋಗಿಯೊಬ್ಬರು ಕೇಳಿ ಹೌಹಾರಿದರು. ವಾಸವಿಲ್ಲದ ಕಡೆ ವಿಳಾಸ ಒದಗಿಸುವವರಿಗೆ 50,000 ಯುರೋವರೆಗೆ ದಂಡವಿದೆಯಂತೆ. ಸಹಿ ಹಾಕಬೇಕಿದ್ದ ಆ ಫ್ರೆಂಡ್‌ಗೂ ಇದು ಗೊತ್ತಿತ್ತೋ ಇಲ್ಲವೋ.

ನೋಂದಣಿಯಾದರೆ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ನಮಗೆ ಎಲ್ಲಿಂದ ಬರಬೇಕು? ಮೂರು ತಿಂಗಳು ಆಫೀಸಿನವರು ಕಾದರು. ಫೆಬ್ರವರಿ ಸಂಬಳದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡಿತವಾಗುವ ಆರನೇ ತೆರಿಗೆ ವರ್ಗ ಹಾಕಿ ಸುಮಾರು 600 ಯುರೋ ಹೆಚ್ಚಿಗೆ ಹಿಡಿದರು. ಅದು ಆಮೇಲೆ ವಾಪಸ್ ಬರುವ ದುಡ್ಡೇ, ಆದರೆ ಆ ತಿಂಗಳ ಬಾಡಿಗೆ ಆ ತಿಂಗಳೇ ಕೊಡಬೇಕಲ್ಲ. ಇತ್ತ ವೀಸಾ ಮುಗಿಯುವುದು ಮೇ ತಿಂಗಳಲ್ಲಿ. ವಾಸದ ಪರವಾನಗಿಗೆ ಅರ್ಜಿ ಹಾಕಲು ಹೋದರೂ ಮೊದಲು ಕೇಳುವುದು ನೋಂದಣಿ ಪತ್ರವನ್ನೇ. ರಾತ್ರಿ ನನ್ನವರು ನಿದ್ದೆ ಮಾಡದೆ ಹೊರಳಾಡುತ್ತಿದ್ದರು. "ರೀ, ಊರಿಗೇ ಹೋಗಿಬಿಡೋಣ" ಅಂತ ನಾನು ಎಷ್ಟು ಸಲ ಅಂದಿದ್ದೇನೋ. ಪೇಟೆಯಿಂದ ತಂದ ಸೊಪ್ಪು ಸರಿಯಿಲ್ಲ ಅಂತ ಶುರುವಾಗುವ ಜಗಳ ಕೊನೆಗೆ ಆ 'ಗಿಫ್ಟ್' ಹಾಕಿದ್ದು ಯಾರು ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು.

ಮಾರ್ಚಿನಲ್ಲಿ ಕಟ್ಟಡ ನೋಡಿಕೊಳ್ಳುವ ಸಂಸ್ಥೆಯಿಂದ ಇಬ್ಬರು ಬಂದು ಬಾಗಿಲು ತಟ್ಟಿದರು. ನಮ್ಮ ಟೇಪಿನ ಗುರುತೇ ಅವರನ್ನು ಕರೆಸಿತ್ತು ಅಂತ ಕಾಣುತ್ತದೆ. ಒಂದು ವಾರದಲ್ಲಿ ಖಾಲಿ ಮಾಡಿದೆವು. ಮನೆ ಕೊಟ್ಟವರನ್ನು ಅಡ್ವಾನ್ಸ್ ವಾಪಸ್ ಕೇಳಿದರೆ ಒಗ್ಗರಣೆ ವಾಸನೆ ಗೋಡೆಗೆ ಹಿಡಿದಿದೆ, ಪೇಂಟಿಂಗ್ ಖರ್ಚಿದೆ ಅಂದರು. ಆಮೇಲೆ ನಂಬರ್ ಬ್ಲಾಕ್. ಬಾಡಿಗೆದಾರರ ಸಂಘಕ್ಕೆ ಸದಸ್ಯರಾಗಿ ವಕೀಲರನ್ನು ಕೇಳಿದೆವು. ಮಾಲೀಕರ ಒಪ್ಪಿಗೆ ಇಲ್ಲದಿದ್ದರೂ ನಿಮಗೂ ಮನೆ ಕೊಟ್ಟವರಿಗೂ ಆದ ಒಪ್ಪಂದ ಒಪ್ಪಂದವೇ, ಅಡ್ವಾನ್ಸ್ ಅವರಿಂದಲೇ ವಸೂಲಿ ಮಾಡಬಹುದು ಅಂದರು. ಆಮೇಲೆ ಬ್ಯಾಂಕಿನ ಕಾಗದ ನೋಡಿ ಕನ್ನಡಕ ತೆಗೆದರು. ಇನ್ನೊಂದು ದೇಶ, ಇನ್ನೊಬ್ಬರ ಖಾತೆ, ಉಡುಗೊರೆ. ಪೊಲೀಸರಿಗೆ ಆನ್‌ಲೈನಿನಲ್ಲಿ ದೂರು ಕೊಟ್ಟು ಸುಮ್ಮನಾದೆವು.

ಈಗ ಬರ್ಲಿನ್‌ನ ಪಶ್ಚಿಮದಂಚಿನ ಶ್ಪಾಂಡೌ ಭಾಗದಲ್ಲಿದ್ದೇವೆ. ಖಾಲಿ ಮನೆ, ಬರುವಾಗ ಸಿಂಕ್ ಇರಲಿಲ್ಲ, ಮಾಳಿಗೆಯಿಂದ ಬಲ್ಬಿನ ಬದಲು ವೈರು ನೇತಾಡುತ್ತಿತ್ತು. ಇಲ್ಲಿ ಹಾಗೇ ಕೊಡುವುದು ವಾಡಿಕೆ. ಅಡ್ವಾನ್ಸ್ ಮಾತ್ರ ಮೂರು ಕಂತಿನಲ್ಲಿ ಕೊಟ್ಟೆವು, ಬಾಡಿಗೆದಾರರಿಗೆ ಆ ಹಕ್ಕಿದೆ, ಬಿಸಿನೀರು-ಹೀಟರ್ ಖರ್ಚು ಸೇರದ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗೂ ಇಲ್ಲ. ನೀವು ಬರುವವರಿದ್ದರೆ ಮೊದಲ ಎರಡು ಮೂರು ತಿಂಗಳಿಗೆ ನಿಮ್ಮ ಕಂಪನಿಯನ್ನೇ ಮನೆ ಕೇಳಿ, ಇಲ್ಲವೇ ಜಾಹೀರಾತಿನಲ್ಲಿ ನೋಂದಣಿ ಆಗುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ನೋಡಿ. ಒಳಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಕಾಗದದ ಮೇಲೆ ತೋರಿಸಲಿ. ದುಡ್ಡು ಒಪ್ಪಂದದಲ್ಲಿ ಹೆಸರಿರುವವರ ಖಾತೆಗೇ ಹೋಗಲಿ, ಷರಾದಲ್ಲಿ 'ಮನೆ ಅಡ್ವಾನ್ಸ್' ಅಂತಲೇ ಇರಲಿ.

ಮೊನ್ನೆಯ ಫೋಟೊ ಕೆಳಗೆ ನಾನು ಒಂದೇ ಪ್ರಶ್ನೆ ಹಾಕಿದೆ: "ಆನ್ಮೆಲ್ಡುಂಗ್ ಆಗುತ್ತಾ?" ಹತ್ತು ನಿಮಿಷದಲ್ಲಿ ಫೋಟೊಗಳು ಮಾಯ. ಆದರೆ ರಾತ್ರಿ ಮೈಸೂರಿನಿಂದ ಒಬ್ಬ ಹುಡುಗಿ ಖಾಸಗಿಯಾಗಿ ಮೆಸೇಜ್ ಮಾಡಿದಳು. "ಅಕ್ಕಾ, ನೀವು ಯಾಕೆ ಹಾಗೆ ಕೇಳಿದ್ರಿ? ನಾವು ಅರ್ಧ ದುಡ್ಡು ಬೆಂಗಳೂರಿನ ಖಾತೆಗೆ ಆಗಲೇ ಹಾಕಿದೀವಿ. ಶುಕ್ರವಾರ ಫ್ಲೈಟು."