ಕಾವಲಿಯಿಂದ ಟೇಬಲ್ಲಿಗೆ ಎಷ್ಟು ಹೊತ್ತು: ಮನೆಮಂದಿ ಜೊತೆ ಬೆಂಗಳೂರಿನ ಹೋಟೆಲುಗಳು, ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಹೋಟೆಲುಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಬಹುಪಾಲು ಒಬ್ಬರೋ ಇಬ್ಬರೋ ಹೋಗಿ ತಿಂದು ಬರೆದವು. ಅಜ್ಜಿ, ತಾತ, ಇಬ್ಬರು ಮಕ್ಕಳು, ಭಾವನ ಮನೆಯವರು ಅಂತ ಎಂಟು ಜನ ಹೊರಟಾಗ ಅವು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಡುಗೆ ಅದೇ, ಭಟ್ಟರೂ ಅವರೇ. ಆದರೂ ಎಂಟನೆಯವರ ತಟ್ಟೆ ಬರುವಷ್ಟರಲ್ಲಿ ಮೊದಲನೆಯವರ ಕಾಫಿ ಮುಗಿದಿರುತ್ತದೆ, ಮಕ್ಕಳು ಎದ್ದು ಓಡಾಡುತ್ತಿರುತ್ತಾರೆ, ಅಜ್ಜಿಯ ತಟ್ಟೆಯಲ್ಲಿ ದೋಸೆ ಮೆತ್ತಗಾಗಿರುತ್ತದೆ. ವರ್ಷಗಟ್ಟಲೆ ಈ ಹೋಟೆಲುಗಳನ್ನು ಬಳಸಿದ ಮೇಲೆ ಉಳಿದ ಅಳತೆಗೋಲು ಒಂದೇ: ಒಲೆಯಿಂದ ಇಳಿದದ್ದು ತಿನ್ನುವವರ ಕೈಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆ, ಎಲ್ಲರಿಗೂ ಒಟ್ಟಿಗೆ ಬರುತ್ತದೆಯೇ. ಯಾವ ಹೋಟೆಲು, ಎಷ್ಟು ಗಂಟೆಗೆ, ಆರ್ಡರ್ ಹೇಳುವುದು ಹೇಗೆ ಅನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ.

ಮಸಾಲೆ ದೋಸೆಯನ್ನೇ ನೋಡಿ. ಹೋಟೆಲಿನ ದೊಡ್ಡ ಕಾವಲಿಯಲ್ಲಿ ದೋಸೆ ಒಂದೊಂದಾಗಿ ಬೇಯುವುದಿಲ್ಲ. ಒಂದು ಒಬ್ಬೆ ಅಂದರೆ ಸುಮಾರು ಹತ್ತು-ಹನ್ನೆರಡು ದೋಸೆ. ಭಟ್ಟರು ನೀರು ಚಿಮುಕಿಸಿ, ಚುಂಯ್ ಅಂದ ಕೂಡಲೇ ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹುಯ್ದು ಬಟ್ಟಲಿನ ತಳದಿಂದ ತಿರುವುತ್ತಾ ಹೋಗುತ್ತಾರೆ. ನೀರು ಹಾಕುವುದು ಕಾವು ಇಳಿಸಲಿಕ್ಕೆ. ಕಾವು ಹೆಚ್ಚಿದ್ದರೆ ಹಿಟ್ಟು ಹರಡದೆ ಬಟ್ಟಲಿಗೇ ಅಂಟಿಕೊಂಡು ಏಳುತ್ತದೆ, ಕಮ್ಮಿಯಾದರೆ ದೋಸೆ ಬಿಳಿಚಿಕೊಳ್ಳುತ್ತದೆ. ಆಮೇಲೆ ತುಪ್ಪವೋ ಬೆಣ್ಣೆಯೋ, ಕೆಂಪು ಚಟ್ನಿ, ಪಲ್ಯ, ಮಡಿಕೆ. ಒಬ್ಬೆಯೊಂದು ಇಳಿಯಲು ಐದಾರು ನಿಮಿಷ ಬೇಕು. ಆದ್ದರಿಂದ ಆರು ಜನ ಒಂದೇ ಉಸಿರಿಗೆ ಮಸಾಲೆ ಹೇಳಿದರೆ ಆರೂ ಒಂದೇ ಒಬ್ಬೆಯಲ್ಲಿ ಬೀಳುತ್ತವೆ. ಮೂವರು ಈಗ ಹೇಳಿ, ಇನ್ನು ಮೂವರು ಯೋಚಿಸುತ್ತಾ ಕೂತರೆ ಎರಡನೇ ಸಲದ್ದು ಬೇರೆ ಟೇಬಲ್ಲುಗಳ ಹಿಂದೆ ನಿಲ್ಲುತ್ತದೆ. ರಜಾದಿನ ಅದು ಕಾಲು ಗಂಟೆಯ ಅಂತರ. ಸಪ್ಲೈಯರ್ ಬಂದಾಗ ‘ಅಣ್ಣಾ, ಆರು ಮಸಾಲೆ, ಒಟ್ಟಿಗೇ ಹಾಕ್ಸಿ’ ಅಂದರೆ ಸಾಕು, ಅವರಿಗೂ ಅದೇ ಅನುಕೂಲ. ರವೆ ದೋಸೆ ಬೇಕೆನ್ನುವವರು ಅದನ್ನು ಎಲ್ಲರಿಗಿಂತ ಮೊದಲು ಹೇಳಬೇಕು. ಅದರ ಹಿಟ್ಟು ನೀರಾಗಿರುತ್ತದೆ, ಬೇಯಲು ಹೆಚ್ಚು ಹೊತ್ತು ಬೇಕು, ಮಸಾಲೆಯ ಸಾಲಿನಲ್ಲಿ ಅದು ಕೂರುವುದಿಲ್ಲ.

ಟೇಬಲ್ಲಿಗೆ ಬಂದ ಮಸಾಲೆ ದೋಸೆಯ ಗರಿ ನಾಲ್ಕೈದು ನಿಮಿಷದ್ದು. ಅದನ್ನು ಕೆಡಿಸುವುದು ಹೊರಗಿನ ಗಾಳಿಯಲ್ಲ, ಒಳಗಿನ ಪಲ್ಯದ ಹಬೆ. ನಿಧಾನವಾಗಿ ತಿನ್ನುವ ಹಿರಿಯರಿದ್ದರೆ ‘ಪಲ್ಯ ಬೇರೆ ಬಟ್ಟಲಲ್ಲಿ ಕೊಡಿ’ ಅಂತ ಆರ್ಡರ್ ಕೊಡುವಾಗಲೇ ಹೇಳಿ. ಬಹಳ ಕಡೆ ಕೊಡುತ್ತಾರೆ, ದೋಸೆ ಕೊನೆಯ ತುತ್ತಿನವರೆಗೂ ಗರಿಗರಿ ಇರುತ್ತದೆ.

ಇನ್ನು ಹಳೆಯ ಹೋಟೆಲುಗಳು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಕೈಮೇಲೆ ಮೊಣಕೈಯವರೆಗೆ ತಟ್ಟೆ ಜೋಡಿಸಿಕೊಂಡು ಬರುವ ಸಪ್ಲೈಯರುಗಳನ್ನು ನೋಡಲಿಕ್ಕೇ ಜನ ಹೋಗುತ್ತಾರೆ, ಆದರೆ ಅದು ಬರೀ ಕೌಶಲ ಪ್ರದರ್ಶನ ಅಲ್ಲ. ಒಂದು ಒಬ್ಬೆ ಇಳಿದದ್ದು ಒಂದೇ ನಡೆಗೆ ಇಡೀ ಸಾಲಿಗೆ ಹಂಚಿಹೋಗುತ್ತದೆ. ಹಿಂದೆಯೇ ನೀರುಚಟ್ನಿಯ ಪಾತ್ರೆ ಬರುತ್ತದೆ. ಇಷ್ಟು ಜನಸಂದಣಿಯಲ್ಲೂ ಅಲ್ಲಿ ದೋಸೆ ಬಿಸಿಯಾಗಿ ಸಿಗುವುದು ಇದರಿಂದ. ಶುಕ್ರವಾರ ರಜೆ, ಮಧ್ಯಾಹ್ನ ಕೆಲ ಹೊತ್ತು ಬಾಗಿಲು ಹಾಕುತ್ತಾರೆ. ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ. ಅಲ್ಲೂ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಇಂಥ ಕಡೆ ಎಂಟು ಜನಕ್ಕೆ ಒಂದೇ ಟೇಬಲ್ ಅಂತ ಹಟ ಹಿಡಿದರೆ ಕಾಯುವ ಹೊತ್ತು ದುಪ್ಪಟ್ಟಾಗುತ್ತದೆ, ಯಾಕೆಂದರೆ ಇರುವುದೆಲ್ಲ ನಾಲ್ಕೈದು ಜನರ ಟೇಬಲ್ಲುಗಳು, ಅವೂ ಅಕ್ಕಪಕ್ಕ ಒಟ್ಟಿಗೆ ಖಾಲಿಯಾಗುವುದಿಲ್ಲ. ನಾಲ್ಕು-ನಾಲ್ಕು ಅಂತ ಎರಡು ಹೆಸರು ಬರೆಸಿ. ಒಂದು ಗುಂಪಿನಲ್ಲಿ ಅಜ್ಜಿ-ತಾತ ಮತ್ತು ಮಕ್ಕಳು ಇರಲಿ, ಅವರು ಮೊದಲು ಕೂರಲಿ. ಗುರುತಿಲ್ಲದವರು ಎದುರಿಗೆ ಬಂದು ಕೂರುವುದು ಇಲ್ಲಿ ರೂಢಿ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರದ್ದು, ಸೋಮವಾರ ರಜೆ. ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಎಂಬುದು ಊರಿಗೆಲ್ಲ ಗೊತ್ತು: ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದಾಗ ರವೆಯಲ್ಲಿ ಮಾಡಿ ನೋಡಿದ್ದು. ಅಕ್ಕಿ ಇಡ್ಲಿ ಆರಿದರೂ ಸಾಂಬಾರಿನಲ್ಲಿ ಮುಳುಗಿಸಿ ತಿನ್ನಬಹುದು. ರವೆ ಇಡ್ಲಿ ಆರಿದರೆ ಬಿಗಿದುಕೊಳ್ಳುತ್ತದೆ, ತುಪ್ಪ ಮೇಲೆಯೇ ಹೆಪ್ಪುಗಟ್ಟುತ್ತದೆ. ಹಾಗಾಗಿ ‘ಎಲ್ಲರದೂ ಬರಲಿ’ ಅಂತ ಕಾಯಬಾರದು. ತಟ್ಟೆ ಬಂದವರು ಬಂದ ಹಾಗೆ ಸಾಗು, ಚಟ್ನಿ ಹಚ್ಚಿ ಶುರುಮಾಡಬೇಕು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮತ್ತು ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿ ಕುರ್ಚಿಯೇ ಇಲ್ಲ. ಬ್ರಾಹ್ಮಿನ್ಸ್‌ನಲ್ಲಿ ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ಅದನ್ನು ಕೇಳಿದಷ್ಟು ಸಲ ಹಾಕುತ್ತಾರೆ. ಕಾವಲಿಯಿಂದ ಟೇಬಲ್ಲಿಗೆ ಎಂಬ ಲೆಕ್ಕದಲ್ಲಿ ಇವೆರಡಕ್ಕೂ ಪೂರ್ತಿ ಅಂಕ, ಯಾಕೆಂದರೆ ತಟ್ಟೆ ಕೌಂಟರಿನಿಂದ ನೇರ ಕೈಗೆ. ಆದರೆ ಮಂಡಿನೋವಿನವರನ್ನು, ತಟ್ಟೆ ಹಿಡಿದು ನಿಂತು ತಿನ್ನಲಾರದ ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಗೆಳೆಯರ ಗುಂಪಿಗೆ, ಬೆಳಗಿನ ವಾಕಿಂಗ್ ಮುಗಿಸಿದವರಿಗೆ ಇವಕ್ಕಿಂತ ಒಳ್ಳೆಯದು ಇಲ್ಲ.

ಬಡಾವಣೆಗೊಂದರಂತೆ ಇರುವ ದರ್ಶಿನಿಗಳಲ್ಲಿ ಟೋಕನ್ ತಗೊಳ್ಳುವ ಮೊದಲು ಬೋರ್ಡಿನ ಕೆಳಸಾಲು ಓದಿ: ಮೇಲಿನ ಎ.ಸಿ. ಹಾಲಿಗೆ ದರ ಬೇರೆ ಇರುವುದುಂಟು. ದೊಡ್ಡ ಗುಂಪಿಗೆ ಇಲ್ಲಿ ನೆರವಾಗುವುದು ಬಾತುಗಳು. ಖಾರಾಬಾತ್, ಕೇಸರಿಬಾತ್, ಬಿಸಿಬೇಳೆಬಾತ್ ಪಾತ್ರೆಯಲ್ಲಿ ಬಿಸಿಯಾಗಿ ಕೂತಿರುತ್ತವೆ, ಎಂಟು ತಟ್ಟೆ ಎರಡು ನಿಮಿಷದಲ್ಲಿ ಬರುತ್ತವೆ. ವಡೆ ಇದಕ್ಕೆ ತದ್ವಿರುದ್ಧ. ಬಾಣಲೆಯಿಂದ ತೆಗೆದ ಉದ್ದಿನ ವಡೆ ಇಪ್ಪತ್ತು ನಿಮಿಷ ಗಾಜಿನ ಪೆಟ್ಟಿಗೆಯಲ್ಲಿ ಕೂತರೆ ಮೇಲಿನ ಪದರ ಚರ್ಮದಂತಾಗುತ್ತದೆ. ಪೆಟ್ಟಿಗೆಯ ಗಾಜಿನ ಒಳಗೆ ನೀರಹನಿ ಕಟ್ಟಿದ್ದರೆ ಆ ವಡೆ ಬೇಡ. ಸಕ್ಕರೆ ಇಲ್ಲದ ಕಾಫಿ ಬೇಕಾದವರು ಡಿಕಾಕ್ಷನ್ ಬೀಳುವ ಮೊದಲೇ ಕೌಂಟರಿನಲ್ಲಿ ಹೇಳಬೇಕು. ಟೀಯಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಕುದ್ದಿರುತ್ತದೆ, ಕೇಳಿ ಪ್ರಯೋಜನವಿಲ್ಲ. ಎಂಟು ಜನಕ್ಕೆ ನಾಲ್ಕು ಬೈಟು ಅಂದರೆ ಸರಿಯಾಗಿ ಸಾಕು.

ಮೂರು ತಲೆಮಾರು ಒಟ್ಟಿಗೆ ಹೊರಟಾಗ ಮಧ್ಯಾಹ್ನದ ಊಟಕ್ಕೆ ಮೊದಲ ಶಿಫಾರಸು ಆಂಧ್ರ ಶೈಲಿಯ ಊಟದ ಹೋಟೆಲು. ರೆಸಿಡೆನ್ಸಿ ರಸ್ತೆಯ ನಾಗಾರ್ಜುನ ಇದಕ್ಕೆ ಹೆಸರಾದದ್ದು, ಊರಿನ ಎಲ್ಲ ದಿಕ್ಕಿನಲ್ಲೂ ಇಂಥವು ಇವೆ. ಕಾರಣ ಸರಳ: ಬಡಿಸುವವರು ಸಾಲಾಗಿ ಬರುತ್ತಾರೆ, ಎಂಟು ಎಲೆಗೂ ಅನ್ನ, ಪಪ್ಪು, ಪಲ್ಯ ಒಂದೇ ಸಲ ಬೀಳುತ್ತದೆ. ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಹಾಗೆಂದು ಎಂಟಕ್ಕೆ ಎಂಟು ಊಟ ಹೇಳಬೇಕಿಲ್ಲ, ಆದರೆ ಅಲ್ಲೊಂದು ನಿಯಮವಿದೆ: ಕೇಳಿದಷ್ಟು ಬಡಿಸುವ ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಅದಕ್ಕೇ ದೊಡ್ಡವರು ಆರು ಜನಕ್ಕೆ ನಾಲ್ಕು ಊಟ, ಉಳಿದಿಬ್ಬರಿಗೆ ಒಂದೊಂದು ಬಿರಿಯಾನಿ, ಮಧ್ಯೆ ಹಂಚಿಕೊಳ್ಳಲು ಎರಡು ಡ್ರೈ ಐಟಂ. ಮಕ್ಕಳಿಗೆ ಕರ್ಡ್ ರೈಸ್. ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ, ಏನೂ ಬಿಸಾಡುವುದಿಲ್ಲ. ಮೊದಲ ಸುತ್ತು ಪುಡಿ-ತುಪ್ಪಕ್ಕೆ ಒಂದು ಹಿಡಿ ಅನ್ನ ಮಾತ್ರ ಹಾಕಿಸಿಕೊಳ್ಳಿ. ಅಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಗೊಂಗೂರ, ಸಾರು, ಗಟ್ಟಿ ಮೊಸರಿಗೆ ಜಾಗ ಇರುವುದಿಲ್ಲ. ಶನಿವಾರ-ಭಾನುವಾರ ಹನ್ನೆರಡೂಕಾಲಿಗೆ ಹೋದರೆ ಜಾಗ ಸಿಗುತ್ತದೆ, ಒಂದಕ್ಕೆ ಹೋದವರು ಎರಡರವರೆಗೆ ನಿಲ್ಲುತ್ತಾರೆ. ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಕಲೆತ ಗುಂಪಿಗೂ ಇದೇ ಸರಿ.

ಮಿಲಿಟರಿ ಹೋಟೆಲಿನಲ್ಲಿ ಆ ಅನುಕೂಲ ಇಲ್ಲ. ಮಾಂಸ ತಿನ್ನದವರನ್ನು ಅಲ್ಲಿಗೆ ಕರೆದೊಯ್ದು ಬರೀ ಅನ್ನ-ಮೊಸರು ತಿನ್ನಿಸುವುದು ಅನ್ಯಾಯ. ತಿನ್ನುವವರಿಗೆ ಮಾತ್ರ ಹೇಳುವುದಾದರೆ: ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಂಥ ಕಡೆ ಭಾನುವಾರ ಹನ್ನೆರಡೂವರೆಯೊಳಗೆ ಕೂರಬೇಕು. ಕೈಮಾ ಉಂಡೆ, ತಲೆಮಾಂಸ, ಲಿವರ್ ಇಂಥವು ದಿನಕ್ಕೊಂದೇ ಅಡುಗೆ, ಮುಗಿದರೆ ಮುಗಿಯಿತು. ದೊನ್ನೆ ಬಿರಿಯಾನಿಯ ಅಕ್ಕಿ ಸಣ್ಣ ಕಾಳಿನ ಜೀರಿಗೆ ಸಾಂಬಾ, ಮಸಾಲೆ ಪುದೀನ-ಕೊತ್ತಂಬರಿಯದು. ಬಾಸ್ಮತಿಯಂತೆ ಉದುರುದುರಾಗಿ ಇರಬೇಕೆಂದು ಬಯಸಿ ಅಂಕ ಕಡಿಮೆ ಕೊಡುವವರು ಅದನ್ನು ತಪ್ಪಾಗಿ ಅಳೆಯುತ್ತಿದ್ದಾರೆ. ಮುದ್ದೆ ಹೇಳಿದವರು ಸಾರು ಬಂದ ಮೇಲೆಯೇ ಮುದ್ದೆ ತರಿಸಿಕೊಳ್ಳಬೇಕು, ಕಾದು ಕೂತ ಮುದ್ದೆಯ ಮೇಲೆ ಸಿಪ್ಪೆ ಕಟ್ಟುತ್ತದೆ, ನುಂಗಲು ಜಾರುವುದಿಲ್ಲ.

ರಾತ್ರಿ ಹೊತ್ತು ರೊಟ್ಟಿ-ಗ್ರೇವಿಯ ರೆಸ್ಟೋರೆಂಟುಗಳು. ಎರಡೂವರೆ ಜನಕ್ಕೆ ಒಂದು ಗ್ರೇವಿ, ತಲೆಗೆ ಎರಡು ರೊಟ್ಟಿ, ಮೂವರಿಗೆ ಒಂದು ಅನ್ನ. ನಾನ್ ತಂದೂರಿನಿಂದ ಬಂದ ಐದಾರು ನಿಮಿಷಕ್ಕೆ ರಬ್ಬರಿನಂತಾಗುವುದರಿಂದ ಹದಿನಾರನ್ನೂ ಒಂದೇ ಸಲ ಹೇಳದೆ ಎಂಟೆಂಟರಂತೆ ಎರಡು ಸುತ್ತು ತರಿಸಿ. ‘ಮಕ್ಕಳಿಗೆ ಖಾರ ಕಮ್ಮಿ’ ಅನ್ನುವ ಮಾತು ಫ್ರೈಡ್ ರೈಸ್, ನೂಡಲ್ಸ್‌ನಂತೆ ಆಗಲೇ ಬಾಣಲೆಗೆ ಬೀಳುವವಕ್ಕೆ ನಡೆಯುತ್ತದೆ. ಕುರ್ಮ, ಸಾಗುವಿನ ಮಸಾಲೆ ಬೆಳಿಗ್ಗೆಯೇ ತಯಾರಾಗಿರುತ್ತದೆ, ಅಲ್ಲಿ ಕ್ರೀಮ್ ಸುರಿದು ಕೊಡುವುದಷ್ಟೇ ಸಾಧ್ಯ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ತಿಂದ ಬೆರಳಿಗೆ ಕೆಂಪು ಹತ್ತಿ ಟಿಶ್ಯೂವಿಗೂ ಇಳಿಯುತ್ತಿದ್ದರೆ ಮಕ್ಕಳ ಮುಂದಿನಿಂದ ಆ ತಟ್ಟೆ ತೆಗೆದುಬಿಡಿ.

ಬಿಲ್ ಬಂದಾಗ ಗದ್ದಲದಲ್ಲಿ ಯಾರೂ ಓದುವುದಿಲ್ಲ, ಆದರೆ ತಪ್ಪುಗಳು ದೊಡ್ಡ ಗುಂಪಿನ ಬಿಲ್ಲಿನಲ್ಲೇ ಹೆಚ್ಚು. ಬರದೇ ಇದ್ದ ಎರಡನೇ ಸುತ್ತಿನ ನಾನ್, ಬೇಡವೆಂದು ವಾಪಸ್ ಕಳಿಸಿದ ನೀರಿನ ಬಾಟಲಿ ಸೇರಿಕೊಂಡಿರುತ್ತವೆ. ಸಾಮಾನ್ಯ ರೆಸ್ಟೋರೆಂಟಿಗೆ ಜಿಎಸ್‌ಟಿ ಶೇ 5, ಎರಡೂವರೆ-ಎರಡೂವರೆ ಅಂತ ಎರಡು ಸಾಲಿನಲ್ಲಿರುತ್ತದೆ. 2,400 ರೂಪಾಯಿ ಊಟಕ್ಕೆ 120, ಒಟ್ಟು 2,520. ಇದರ ಮಧ್ಯೆ ಶೇ 10 ಸರ್ವಿಸ್ ಚಾರ್ಜ್ ಬಂದು ಕೂತರೆ 240 ಸೇರಿ, ತೆರಿಗೆ ಅದರ ಮೇಲೂ ಬಿದ್ದು 2,772 ಆಗುತ್ತದೆ. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ‘ಸಾರ್, ಇದೊಂದು ತೆಗೆದು ಬೇರೆ ಬಿಲ್ ಕೊಡಿ’ ಅಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಇಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ವಹಿವಾಟಿನ ಮೇಲಿನ ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ. ಉಳಿಸಿದ ಹಣದಲ್ಲಿ ಬಡಿಸಿದವರ ಕೈಗೆ ನೇರವಾಗಿ ಐವತ್ತೋ ನೂರೋ ಕೊಡಿ, ಅದು ಅವರಿಗೇ ಸೇರುತ್ತದೆ.

ಮನೆಯಲ್ಲಿ ಉಳಿದವರಿಗೆ ಪಾರ್ಸೆಲ್ ಒಯ್ಯುವುದಾದರೆ ಬಿಸಿ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಬೇಡಿ, ಕಾರಿನಲ್ಲೊಂದು ಸ್ಟೀಲ್ ಡಬ್ಬಿ ಇಟ್ಟಿರಿ. ಇಡ್ಲಿ, ಬಾತು, ಬಿರಿಯಾನಿ ಪಾರ್ಸೆಲ್ಲಿಗೆ ಒಗ್ಗುತ್ತವೆ. ಮಸಾಲೆ ದೋಸೆ ಒಗ್ಗುವುದಿಲ್ಲ. ಒಯ್ಯಲೇಬೇಕಿದ್ದರೆ ಖಾಲಿ ದೋಸೆ ಹೇಳಿ, ಪಲ್ಯ ಬೇರೆ ಕಟ್ಟಿಸಿ, ಪೊಟ್ಟಣದ ಒಂದು ಬದಿ ಬಿಚ್ಚಿಟ್ಟುಕೊಂಡೇ ಒಯ್ಯಿರಿ. ಮನೆಗೆ ಬಂದು ಕಾದ ಕಾವಲಿಯ ಮೇಲೆ ಎಣ್ಣೆ ಹಾಕದೆ ಅರ್ಧ ನಿಮಿಷ ಹರಡಿದರೆ ಗರಿ ಒಂದಿಷ್ಟು ಮರಳಿ ಬರುತ್ತದೆ.