ಲ್ಯಾಪ್‌ಟಾಪ್‌ಗೆ ಮ್ಯಾಟ್ ಸ್ಕ್ರೀನ್ ಗಾರ್ಡ್, ಟೊಮೆಟೊ ಸೀಸನ್ ದಾಟಿದ ಮೇಲೆ ಬರೀತಿರೋದು

ಕೋಲಾರ ಎಪಿಎಂಸಿಲಿ ಮಂಡಿ ಲೆಕ್ಕ ಬರೆಯೋ ಕೆಲಸ ನಂದು. ಬೆಳಗ್ಗೆ ಲ್ಯಾಪ್‌ಟಾಪ್ ತೆರೆದ್ರೆ ಹರಾಜು ಮುಗಿದು ಲಾರಿ ಲೋಡಾಗೋವರ್ಗೂ ಮುಚ್ಚೋ ಮಾತಿಲ್ಲ, ಧೂಳು ಎಷ್ಟು ಅಂತ ಇಲ್ಲಿಗೆ ಬಂದೋರಿಗೇ ಗೊತ್ತು (2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದಾಗ ಟೀವಿಯೋರೆಲ್ಲ ಬಂದಿದ್ರಲ್ಲ, ಅದೇ ಯಾರ್ಡು). ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡು, 15.6 ಇಂಚು, ಬರೋವಾಗ್ಲೇ ಸ್ಕ್ರೀನ್ ತುಂಬ ಕೀಬೋರ್ಡ್ ಗುರುತು, ಮಧ್ಯದಲ್ಲಿ ಒಂದು ಉದ್ದನೆ ಗೀರು.

ಗೀರು ಮಾಯ ಆಗ್ಲಿ ಅಂತ ಗಾರ್ಡ್ ತಗೊಳೋರಿದ್ರೆ ದುಡ್ಡು ಉಳಿಸ್ಕೊಳ್ಳಿ. ಕೂದಲೆಳೆ ಗೀರುಗಳು ಗಾರ್ಡಿನ ಅಂಟು ಒಳಗೆ ತುಂಬ್ಕೊಂಡು ಕಾಣ್ದಂಗಾದ್ವು ನಿಜ, ಆದ್ರೆ ಉಗುರಿಗೆ ಸಿಗೋ ಆ ಉದ್ದನೆ ಗೀರು ಬಿಳಿ ಎಕ್ಸೆಲ್ ಶೀಟ್ ತೆಗೆದ್ರೆ ಇವತ್ತಿಗೂ ಕಾಣುತ್ತೆ. ಕೀಬೋರ್ಡ್ ಗುರುತಂತೂ ಮುಕ್ಕಾಲು ಪಾಲು ಗೀರೇ ಅಲ್ಲ, ಬೆರಳಿನ ಜಿಡ್ಡು ಕೀಯಿಂದ ಸ್ಕ್ರೀನಿಗೆ ಅಂಟಿರೋದು, ಒದ್ದೆ ಬಟ್ಟೇಲಿ ಹೋಯ್ತು.

ನಮ್ಮ ಭಾವ ಪೇಸ್ಟ್ ಹಚ್ಚಿ ಉಜ್ಜು ಅಂದ್ರು, ಬೇಡ ಭಾವ ಅಂದೆ. ಟೂತ್‌ಪೇಸ್ಟಲ್ಲಿ ಇರೋದೇ ಉಜ್ಜೋ ಪುಡಿ, ಮಾಮೂಲಿ ಲ್ಯಾಪ್‌ಟಾಪ್ ಸ್ಕ್ರೀನಿನ ಮೇಲ್ಪದರ ಗಾಜಲ್ಲ ಪ್ಲಾಸ್ಟಿಕ್ ಹಾಳೆ, ಮ್ಯಾಟ್ (ಹೊಳಪಿಲ್ಲದ್ದು) ಆಗಿದ್ರೆ ಉಜ್ಜಿದ ಜಾಗ ಮಾತ್ರ ನುಣ್ಣಗಾಗಿ ಹೊಳೆಯೋಕೆ ಶುರುವಾಗುತ್ತೆ, ಗೀರಿಗಿಂತ ದೊಡ್ಡ ಕಲೆ ಅದು. ವ್ಯಾಸಲೀನ್ ಹಚ್ಚಿದ್ರೆ ಗೀರು ಮುಚ್ಕೊಳುತ್ತೆ, ಒರೆಸಿದ್ರೆ ವಾಪಸ್ ಬರುತ್ತೆ, ಧೂಳೂ ಅಂಟುತ್ತೆ. ಸೀರಿಯಂ ಆಕ್ಸೈಡ್ ಅನ್ನೋ ಪಾಲಿಶ್ ಪುಡಿ ಗಾಜಿಗೆ ಮಾತ್ರ. ಪ್ಯಾನೆಲ್ಲೇ (ಇಡೀ ಸ್ಕ್ರೀನೇ) ಬದಲಾಯ್ಸೋಕೆ ಬೆಂಗಳೂರಿನ ಎಸ್ಪಿ ರೋಡಲ್ಲಿ ನಾಲ್ಕೂವರೆ ಸಾವಿರ ಹೇಳಿದ್ರು, ಐನೂರರ ಒಳಗೆ ಸಿಕ್ಕಿದ್ದು ಈ ಗಾರ್ಡು.

ತಗೊಳೋವಾಗ ಇಂಚು ನಂಬ್ಬೇಡಿ, ಟೇಪ್ ಹಿಡೀರಿ. 15.6 ಇಂಚಿನ 16:9 (ಅಗಲ-ಎತ್ತರದ ಅನುಪಾತ) ಸ್ಕ್ರೀನ್ ಅಂದ್ರೆ ಹತ್ರ ಹತ್ರ 34.5 ಸೆಂ.ಮೀ. ಅಗಲ, 19.4 ಎತ್ತರ, ಈಗ ಬರ್ತಿರೋ 16:10 ಲ್ಯಾಪ್‌ಟಾಪ್‌ಗೆ ಇದು ಕೂರಲ್ಲ. ಅಂಟಿಸಿದ್ದು ಮನೆ ಬಚ್ಚಲಲ್ಲಿ, ಬಿಸಿನೀರು ಬಿಟ್ಟು ಆವಿಗೆ ಧೂಳು ಕೂತ್ಮೇಲೆ, ಮಂಡಿಲಿ ಅಂಟಿಸೋ ಯೋಚ್ನೇನೂ ಮಾಡ್ಬೇಡಿ. ಗಾಳಿ ಗುಳ್ಳೆ ತಾನೇ ಹೋಗುತ್ತೆ, ಧೂಳಿನ ಗುಳ್ಳೆ ಹೋಗಲ್ಲ, ಅಲ್ಲಿ ಮಾತ್ರ ಎತ್ತಿ ಸೆಲ್ಲೋಟೇಪಲ್ಲಿ ಧೂಳು ತೆಗೀಬೇಕು.

ಈಗ ಹೆಂಗೈತೆ ಅಂದ್ರೆ ಗಾರ್ಡ್ ಮೇಲೆ ಸಣ್ಣ ಗೀರು ಬೇಜಾನ್ ಬಿದ್ದವೆ, ಅಂದ್ರೆ ಸ್ಕ್ರೀನ್ ಮೇಲೆ ಬೀಳ್ಬೇಕಿದ್ದಿದ್ದು ಇದರ ಮೇಲೆ ಬಿದ್ದೈತೆ, ಅಷ್ಟಕ್ಕೇ ಕೊಟ್ಟಿದ್ದು ದುಡ್ಡು. ಕೆಳಗಿನ ಮೂಲೆ ಎದ್ದೈತೆ, ಮ್ಯಾಟ್ ಸ್ಕ್ರೀನಿಗೆ ಅಂಟು ಗಟ್ಟಿಯಾಗಿ ಹಿಡಿಯಲ್ಲ, ಅಲ್ಲೊಂದು ಕಪ್ಪು ಗೆರೆ ಥರ ಧೂಳು ಕೂತೈತೆ. ಬಿಳಿ ಬಣ್ಣ ಸ್ವಲ್ಪ ಜರಿ ಥರ ಚುಕ್ಕಿಚುಕ್ಕಿ ಅನ್ಸುತ್ತೆ, ಬ್ರೈಟ್‌ನೆಸ್ ಜಾಸ್ತಿ ಇಡ್ಬೇಕು, ಬ್ಯಾಟರಿ ಅಷ್ಟು ಬೇಗ ಖಾಲಿ. ಫೋಟೋ ಕೆಲಸ ಮಾಡೋರಿಗೆ ಬೇಡವೇ ಬೇಡ.

ಅಸಲಿಗೆ ನಮ್ಮ ಕಡೆ ಗೀರು ಬೀಳೋದು ಒರೆಸೋವಾಗ್ಲೇ. ನಮ್ಮದು ಕಲ್ಲಿನ ಸೀಮೆ, ಗ್ರಾನೈಟ್ ಧೂಳಲ್ಲಿ ಕ್ವಾರ್ಟ್ಜ್ ಅನ್ನೋ ಗಟ್ಟಿ ಖನಿಜ ಇರುತ್ತೆ, ಕಲ್ಲಿನ ಗಡಸುತನ ಅಳೆಯೋ ಮೋಸ್ ಅಳತೇಲಿ ಅದು 7, ಮಾಮೂಲಿ ಗಾಜೇ ಐದೂವರೆ ಆಸುಪಾಸು, ಪ್ಲಾಸ್ಟಿಕ್ ಯಾವ ಲೆಕ್ಕ. ಮಂಡಿ ಹುಡುಗ್ರು ಹೆಗಲ ಮೇಲಿನ ಟವೆಲ್ಲಲ್ಲಿ ಒಂದ್ಸಲ ಬಳಿದ್ರೆ ಮರಳು ಕಾಗದದ ಕೆಲಸ ಆಯ್ತು. ಆಫ್ ಮಾಡಿ, ಮೆತ್ತನೆ ಬ್ರಶ್ಶಲ್ಲಿ ಧೂಳು ಉದುರ್ಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ ನೆನೆಸಿ ಹಿಂಡಿ ಒರೆಸಿ, ಸ್ಕ್ರೀನಿಗೇ ನೇರ ಸ್ಪ್ರೇ ಹೊಡೆದ್ರೆ ನೀರು ಇಳಿಯೋದು ಕೆಳಗಿನ ಅಂಚಿಗೆ, ಪ್ಯಾನೆಲ್ ಸರ್ಕ್ಯೂಟ್ ಇರೋದು ಅಲ್ಲೇ.

5ಕ್ಕೆ ಮೂರೂವರೆ ಕೊಡ್ತೀನಿ. ಇನ್ನೊಂದು, ಪ್ಯಾಕೆಟ್ ಮೇಲೆ 9ಎಚ್ ಅಂತ ಬರೆದಿರೋದು ಪೆನ್ಸಿಲ್ ಗಡಸುತನದ ಅಳತೆ, ಕಲ್ಲಿನ ಮೋಸ್ ಅಳತೆಗೂ ಅದಕ್ಕೂ ಸಂಬಂಧ ಇಲ್ಲ. ಮ್ಯಾಕ್‌ಬುಕ್ ಇರೋರು ಮೊದ್ಲು ಗಾರ್ಡ್ ಎಷ್ಟು ದಪ್ಪ ಅಂತ ನೋಡಿ, ಅದರಲ್ಲಿ ಮುಚ್ಚಳಕ್ಕೂ ಕೀಬೋರ್ಡಿಗೂ ಜಾಗ ತೀರಾ ಕಮ್ಮಿ, ದಪ್ಪ ಇದ್ರೆ ಮುಚ್ಚೋವಾಗ ಪ್ಯಾನೆಲ್ಲೇ ಒಡೀಬೋದು.