ಜನವರಿಯ ಇರಾನ್‌ಗೆ ಕಟ್ಟಿದ ಬಟ್ಟೆ: ಕೋಟು ತೆಗೆದ ಮೇಲೆ ಏನು?

2019ರ ಜನವರಿಯಲ್ಲಿ ಅಕ್ಕ, ಭಾವ, ನಾನು ಹನ್ನೆರಡು ದಿನ ಇರಾನ್ ಸುತ್ತಿ ಬಂದೆವು. ತೆಹರಾನ್, ತಬ್ರೀಜ್, ಇಸ್ಫಹಾನ್, ಯಜ್ದ್. ಅಲ್ಲಿಗೆ ಚಳಿಗಾಲದಲ್ಲಿ ಹೊರಟ ಹೆಣ್ಣುಮಕ್ಕಳು ಯಾರೇ ಸಿಗಲಿ, ನನ್ನನ್ನು ಮೊದಲು ಕೇಳುವುದು ಬಟ್ಟೆ ವಿಷಯವನ್ನೇ. ಅದಕ್ಕೆ ನಮ್ಮ ಪೆಟ್ಟಿಗೆಯಲ್ಲಿದ್ದ ಬಟ್ಟೆಗಳಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ ಭಾರವಾಯಿತು ಅಂತ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಬಟ್ಟೆಯ ಜಾತಿ, ಉದ್ದ, ದಪ್ಪ ಗೊತ್ತಾದರೆ ಎಲ್ಲಿ ಬೇಕಾದರೂ ಕೊಳ್ಳಬಹುದು.

ಮೊದಲು ನಿಯಮ. ಇರಾನ್‌ನಲ್ಲಿ ಹೆಂಗಸರು ತಲೆ ಮುಚ್ಚಬೇಕು ಅನ್ನುವ ಕಾನೂನು 1983ರಿಂದ ಇದೆ. ಪ್ರವಾಸಿಗಳಿಗೂ ಅದೇ ಕಾನೂನು. ತೋಳು ಮುಚ್ಚಿರಬೇಕು, ಕಾಲು ಮುಚ್ಚಿರಬೇಕು, ಮೇಲಿನ ಬಟ್ಟೆ ಸಡಿಲವಾಗಿ ಸೊಂಟದ ಕೆಳಗೆ ಬರಬೇಕು. ಗಂಡಸರಿಗೆ ಚಡ್ಡಿ ನಡೆಯುವುದಿಲ್ಲ, ಅಷ್ಟೇ. ಚಳಿಯಲ್ಲಿ ಭಾವನಿಗೆ ಅದೊಂದು ಸಮಸ್ಯೆಯೇ ಆಗಲಿಲ್ಲ. ವೀಸಾ ಅರ್ಜಿಗೆ ಕೊಡುವ ಫೋಟೋದಲ್ಲೂ ಅಕ್ಕನ, ನನ್ನ ತಲೆ ಮೇಲೆ ಬಟ್ಟೆ ಇತ್ತು.

2022ರ ಸೆಪ್ಟೆಂಬರ್‌ನಲ್ಲಿ ಮಹಸಾ ಅಮೀನಿ ಅನ್ನುವ 22 ವರ್ಷದ ಹುಡುಗಿಯನ್ನು ಇದೇ ತಲೆಬಟ್ಟೆಯ ಕಾರಣಕ್ಕೆ ಪೊಲೀಸರು ಹಿಡಿದರು. ಆಮೇಲೆ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಸುದ್ದಿ ಕೇಳಿದ ದಿನ ನನ್ನ ಶಾಲನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ನಾನು ಹನ್ನೆರಡು ದಿನ ಹೊದ್ದು ಮಡಿಸಿಟ್ಟ ಬಟ್ಟೆ ಅದು. ಅಲ್ಲಿಯವರಿಗೆ ಅದು ಹಾಗಲ್ಲ ಅಲ್ವಾ? ಅದಾದ ಮೇಲೆ ಅಲ್ಲಿ ಎಷ್ಟೋ ಹೆಣ್ಣುಮಕ್ಕಳು ತಲೆ ಮುಚ್ಚದೆ ಬೀದಿಗೆ ಬಂದಿದ್ದಾರೆ. ಹಾಗಂತ ಹೋಗುವವರು ನಿಯಮ ಹೋಯಿತು ಅಂದುಕೊಳ್ಳಬೇಡಿ. ಹೊರಡುವ ಮುಂಚೆ ಆಗಿನ ಪರಿಸ್ಥಿತಿ ವಿಚಾರಿಸಿಕೊಳ್ಳಿ.

ಈಗ ತಬ್ರೀಜ್‌ನ ಒಂದು ಸಂಜೆಯ ವಿಷಯ ಹೇಳುತ್ತೇನೆ. ಬಟ್ಟೆ ಕಟ್ಟುವ ಬಗ್ಗೆ ನನಗೆ ಗೊತ್ತಿರುವ ಮುಖ್ಯ ಮಾತು ಅಲ್ಲೇ ಕಲಿತದ್ದು.

ತಬ್ರೀಜ್ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಜನವರಿ ರಾತ್ರಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಇಳಿಯುತ್ತದೆ. ಅಲ್ಲಿನ ಹಳೇ ಬಜಾರ್ ಪೂರ್ತಿ ಇಟ್ಟಿಗೆ ಗುಮ್ಮಟಗಳ ಕೆಳಗಿದೆ. 2010ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಬಜಾರ್ ಅದು. ಒಳಗೆ ಗಾಳಿ ಇಲ್ಲದ್ದಕ್ಕೆ ಹಾಯಾಗಿ ಸುತ್ತಿದೆವು. ಅಲ್ಲಿ ಪರಿಚಯವಾದ ಒಬ್ಬ ಹೆಂಗಸು ಚಹಾಕ್ಕೆ ಮನೆಗೆ ಬನ್ನಿ ಅಂದರು. ಎರಡು ಸಲ ಬೇಡ ಅಂದೆವು, ಮೂರನೇ ಸಲ ಹೋದೆವು. ಬಾಗಿಲು ತೆಗೆದರೆ ಒಳಗೆ ಬೇಸಿಗೆ! ಗೋಡೆ ಪಕ್ಕ ಗ್ಯಾಸ್ ಹೀಟರ್ ಉರಿಯುತ್ತಿತ್ತು. ಅದಕ್ಕೆ ಅವರು ಬುಖಾರಿ ಅನ್ನುತ್ತಾರೆ. ಗ್ಯಾಸ್ ಧಾರಾಳವಾಗಿ ಸಿಗುವ ದೇಶ. ಮನೆ ಒಳಗೆ ಎಲ್ಲರೂ ತೆಳು ಅಂಗಿಯಲ್ಲೇ ಇದ್ದರು.

"ಕೋಟು ತೆಗೀರಿ, ತೆಗೀರಿ" ಅಂತ ಕೈಸನ್ನೆ ಮಾಡಿದರು. ಮನೆಯಲ್ಲಿ ಅವರ ಗಂಡ, ಮೈದುನ ಇಬ್ಬರೂ ಇದ್ದರು. ನನ್ನ ಕೋಟಿನ ಒಳಗೆ ಇದ್ದದ್ದು ಮೈಗೆ ಅಂಟಿದ ಥರ್ಮಲ್, ಅದರೊಳಗೆ ಕಾಟನ್ ಬನಿಯನ್. ಹೊರಗೆ ಮೊಣಕಾಲಿನವರೆಗೆ ಕೋಟು ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಈಗ ಕೋಟು ತೆಗೆಯುವ ಹಾಗಿಲ್ಲ. ನನಗೆ ಚಳಿ ಅಂತ ಸುಳ್ಳು ಹೇಳಿ ಒಂದು ಗಂಟೆ ಹಾಗೇ ಕೂತೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಆ ತಾಯಿ ಪಾಪ, ನನಗೆ ನಿಜವಾಗಿ ಚಳಿ ಅಂತ ನಂಬಿ ಹೀಟರ್ ಇನ್ನೊಂದಿಷ್ಟು ಜೋರು ಮಾಡಿದರು. ಆಮೇಲೆ ಹೊರಗೆ ಬಂದರೆ ನೆಂದ ಕಾಟನ್ ಮೈಗೆ ಮಂಜುಗಡ್ಡೆ ಇಟ್ಟ ಹಾಗೆ. ಹೋಟೆಲ್ ಸೇರುವ ಹೊತ್ತಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

ಅಕ್ಕ ಮಾತ್ರ ಬಾಗಿಲಲ್ಲೇ ಕೋಟು ಬಿಚ್ಚಿ ಕೊಟ್ಟಿದ್ದಳು. ಒಳಗೆ ಮೊಣಕಾಲುದ್ದದ ಉಣ್ಣೆ ಕುರ್ತಾ ಹಾಕಿದ್ದಳು. ಆರಾಮವಾಗಿ ಕಾಲು ಮಡಿಸಿ ಜಮಖಾನೆ ಮೇಲೆ ಕೂತು ಎರಡು ಲೋಟ ಚಹಾ ಕುಡಿದಳು. ಆ ಮನೆಯ ಪುಟ್ಟ ಹುಡುಗಿ ಅವಳ ತೊಡೆ ಮೇಲೆ ಬಂದು ಕೂತಿತು.

ಚಳಿ ದೇಶಕ್ಕೆ ಹೋಗುವಾಗ ನಾವೆಲ್ಲ ಹೊರಗಿನ ಕೋಟಿಗೆ ದುಡ್ಡು ಹಾಕುತ್ತೇವೆ. ಮೈ ಮುಚ್ಚಿಕೊಳ್ಳಬೇಕಾದ ದೇಶದಲ್ಲಿ ಕೋಟು ದಿನಕ್ಕೆ ಹತ್ತು ಸಲ ತೆಗೆಯುವ ಬಟ್ಟೆ. ಹೋಟೆಲ್, ಚಹಾ ಅಂಗಡಿ, ಬಸ್ಸು, ಮನೆ, ಎಲ್ಲಾ ಕಡೆ ಒಳಗೆ ಬಿಸಿ. ಅದರ ಕೆಳಗಿನ ಬಟ್ಟೆಯೂ ಜನರ ಮುಂದೆ ಹಾಕುವಂಥದ್ದಾಗಿರಬೇಕು. ಅದಕ್ಕೇ ನನ್ನ ಲೆಕ್ಕದಲ್ಲಿ ಈ ಪ್ರಯಾಣದ ಅತ್ಯುತ್ತಮ ವಸ್ತು ಅಕ್ಕನ ಉಣ್ಣೆ ಕುರ್ತಾ. ಹತ್ತಕ್ಕೆ ಹತ್ತು ಕೊಡುತ್ತೇನೆ. ನೇಯ್ಗೆ ಬಿಗಿ, ಬಟ್ಟೆ ತೆಳು, ಎರಡೂ ಪಕ್ಕ ಸೀಳು ಇದೆ, ಆದರೆ ಸೀಳು ತೊಡೆಯ ಮಧ್ಯಕ್ಕೇ ನಿಲ್ಲುತ್ತದೆ. ತೋಳು ಮಣಿಕಟ್ಟು ದಾಟಿ ಬರುತ್ತದೆ. ಕತ್ತು ಎತ್ತರ, ಹಾಗಾಗಿ ಶಾಲು ಸರಿದರೂ ಚಿಂತೆ ಇಲ್ಲ. ಮಾರನೇ ದಿನದಿಂದ ಅವಳ ಎರಡನೇ ಕುರ್ತಾ ನನ್ನ ಮೈ ಮೇಲೆ ಇತ್ತು. ಅಲ್ಲಿಯ ಹೆಂಗಸರು ಹಾಕುವ ಮಾಂತೋ ಕೂಡ ಇದೇ ಕೆಲಸ ಮಾಡುತ್ತದೆ, ಒಳಗೂ ಹೊರಗೂ ನಡೆಯುವ ಉದ್ದನೆ ಮೇಲಂಗಿ. ಹೆಸರು ಫ್ರೆಂಚ್ ಭಾಷೆಯಿಂದ ಬಂದದ್ದು. ಕಪ್ಪೇ ಆಗಬೇಕು ಅಂತೇನಿಲ್ಲ. ತೆಹರಾನ್‌ನಲ್ಲಿ ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಎಲ್ಲಾ ನೋಡಿದೆ.

ಅದರ ಕೆಳಗಿನ ಪದರ ಮೆರಿನೋ ಅನ್ನುವ ಕುರಿ ಜಾತಿಯ ಉಣ್ಣೆಯದ್ದು. ನನ್ನ ಹತ್ತಿರ 200 ಜಿಎಸ್‌ಎಂನ ಎರಡು ಜೊತೆ ಒಳ ಅಂಗಿ, ಪ್ಯಾಂಟ್ ಇತ್ತು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. 150 ತೆಳು, 250 ದಪ್ಪ. ಒಳಗೆ ಬಿಸಿ, ಹೊರಗೆ ಚಳಿ ಇರುವ ಕಡೆ 200 ಸರಿಯಾಗಿತ್ತು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಕಾಟನ್ ಹೀರಿಕೊಂಡು ಮೈಗೆ ಅಂಟುತ್ತದೆ. ಆ ತಬ್ರೀಜ್ ರಾತ್ರಿ ನನ್ನನ್ನು ನಡುಗಿಸಿದ್ದು ಕಾಟನ್ ಬನಿಯನ್. ಅದನ್ನು ಅಲ್ಲೇ ಪೆಟ್ಟಿಗೆ ತಳಕ್ಕೆ ಹಾಕಿದೆ. ಮೈಗೆ ತಾಗುವ ಬಟ್ಟೆಗೆ ಬಳಸುವ ಮೆರಿನೋ ಎಳೆ ತುಂಬಾ ಸಣ್ಣ, ಸಾಮಾನ್ಯವಾಗಿ 20 ಮೈಕ್ರಾನ್ ಒಳಗೆ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್), ಅದಕ್ಕೇ ಚುಚ್ಚುವುದಿಲ್ಲ. ನಾಲ್ಕು ದಿನ ಬಿಡದೆ ಹಾಕಿದರೂ ವಾಸನೆ ಬರಲಿಲ್ಲ. ಹನ್ನೆರಡು ದಿನಕ್ಕೆ ಎರಡೇ ಜೊತೆ ಸಾಕಾಯಿತು. ಒಂದು ದೋಷ ಇದೆ. ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಬೇಗ ಸವೆಯುತ್ತದೆ. ನನ್ನದಕ್ಕೆ ಭುಜದ ಮೇಲೆ ಸಣ್ಣ ತೂತು ಬಿದ್ದಿದೆ. ಹಾಗೇ ಸೂಜಿ ದಾರ ಹಾಕಿ ಇನ್ನೂ ಹಾಕಿಕೊಳ್ಳುತ್ತಿದ್ದೇನೆ.

ಕೋಟು. ನಾನು ಒಯ್ದದ್ದು ಬಾತುಕೋಳಿ ಪುಕ್ಕ ತುಂಬಿದ ಉದ್ದನೆ ಡೌನ್ ಕೋಟು. ಬೆಚ್ಚಗೇನೋ ಇತ್ತು. ತೆಹರಾನ್‌ನ ತೋಚಾಲ್ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋದಾಗ, 3,700 ಮೀಟರ್‌ಗೂ ಮೇಲೆ, ಅದು ಇಲ್ಲದಿದ್ದರೆ ಐದು ನಿಮಿಷ ನಿಲ್ಲಲು ಆಗುತ್ತಿರಲಿಲ್ಲ. ಆದರೆ ಜಿಪ್ ಮೇಲಿನಿಂದ ಮಾತ್ರ ತೆರೆಯುತ್ತದೆ. ಉದ್ದ ಕೋಟಿಗೆ ಕೆಳಗಿನಿಂದಲೂ ತೆರೆಯುವ ಜಿಪ್ ಬೇಕೇ ಬೇಕು. ಇಲ್ಲದಿದ್ದರೆ ಟ್ಯಾಕ್ಸಿಯಲ್ಲಿ ಕೂತಾಗ ಕೋಟು ಉಬ್ಬಿ ಗಲ್ಲದವರೆಗೆ ಬರುತ್ತದೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿಯುತ್ತದೆ. ಹತ್ತಕ್ಕೆ ಆರು. ಮುಂದಿನ ಸಲಕ್ಕೆ ಅಕ್ಕನ ಹಾಗೆ ತೆಳು ಡೌನ್ ಜಾಕೆಟ್, ಅದರ ಮೇಲೆ ಗಾಳಿ ತಡೆಯುವ ಸಡಿಲವಾದ ಉದ್ದ ಕೋಟು, ಎರಡು ಬೇರೆ ಬೇರೆ ಒಯ್ಯುತ್ತೇನೆ. ಇಸ್ಫಹಾನ್‌ನಲ್ಲಿ ಹಗಲು ಬಿಸಿಲಿಗೆ ಅವಳು ಜಾಕೆಟ್ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬರೀ ಮೇಲಿನ ಕೋಟಿನಲ್ಲಿ ನಖ್ಷ್-ಎ-ಜಹಾನ್ ಚೌಕ ಸುತ್ತಿದಳು. ನಾನು ನನ್ನ ಕೋಟನ್ನು ಹೊತ್ತುಕೊಂಡು ಸುತ್ತಿದೆ.

ತಲೆಬಟ್ಟೆ ವಿಷಯದಲ್ಲಿ ನಾನು ಎರಡು ಒಯ್ದಿದ್ದೆ. ಒಂದು ಪಾಲಿಯೆಸ್ಟರ್ ಸ್ಕಾರ್ಫ್, ನೋಡಲು ಬಹಳ ಚೆಂದ. ಇನ್ನೊಂದು ಉಣ್ಣೆ-ಕಾಟನ್ ಬೆರಕೆಯ ದೊಡ್ಡ ಶಾಲು. ಮೊದಲನೆಯದು ಒಂದು ದಿನವೂ ನಿಲ್ಲಲಿಲ್ಲ. ಅಲ್ಲಿಯ ಚಳಿಗಾಲದ ಗಾಳಿ ಒಣ. ಪಾಲಿಯೆಸ್ಟರ್ ಕೂದಲಿಗೆ ಉಜ್ಜಿ ಚಟಚಟ ಅನ್ನುತ್ತದೆ, ಕೂದಲು ಮೇಲೆದ್ದು ಮುಖಕ್ಕೆ ಅಂಟುತ್ತದೆ. ಅದರ ಕೆಳಗೆ ಡೌನ್ ಕೋಟಿನ ನುಣ್ಣನೆ ನೈಲಾನ್. ನುಣುಪಿನ ಮೇಲೆ ನುಣುಪು, ಹತ್ತು ಹೆಜ್ಜೆಗೊಮ್ಮೆ ಜಾರಿ ಬೆನ್ನಿಗೆ ಬೀಳುತ್ತದೆ. ಒಂದು ಕೈ ಸದಾ ತಲೆ ಮೇಲೆ! ಬೆರಕೆ ಶಾಲು ಒರಟು, ಕೂದಲನ್ನೂ ಕೋಟನ್ನೂ ಹಿಡಿದುಕೊಳ್ಳುತ್ತದೆ. ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ. ಒಂದು ತುದಿ ಚಿಕ್ಕದು ಬಿಟ್ಟು, ಉದ್ದದ ತುದಿಯನ್ನು ಗಲ್ಲದ ಕೆಳಗಿಂದ ತಂದು ಎದುರು ಭುಜದ ಮೇಲೆ ಎಸೆದರೆ ಸಂಜೆವರೆಗೆ ಪಿನ್ ಬೇಡ. ಕಿವಿ, ಕತ್ತು, ಎದೆ ಮೂರೂ ಬೆಚ್ಚಗೆ. ನಿಜ ಹೇಳಬೇಕೆಂದರೆ ಆ ಚಳಿಯಲ್ಲಿ ತಲೆ ಮುಚ್ಚುವ ನಿಯಮ ಇರದಿದ್ದರೂ ನಾನು ಒಂದು ಮಫ್ಲರ್ ಸುತ್ತಿಕೊಳ್ಳುತ್ತಿದ್ದೆ. ತೋಚಾಲ್‌ನಲ್ಲಿ ಸ್ಕೀ ಮಾಡುವ ಹುಡುಗಿಯರು ಉಣ್ಣೆ ಟೋಪಿ, ಹೆಲ್ಮೆಟ್‌ನಲ್ಲೇ ಇದ್ದರು.

ಇದನ್ನು ಮಾತ್ರ ಮರೀಬೇಡಿ: ಶಾಲು ಕೈಬ್ಯಾಗಿನಲ್ಲಿರಲಿ. ವಿಮಾನ ತೆಹರಾನ್‌ನ ಇಮಾಮ್ ಖೊಮೇನಿ ನಿಲ್ದಾಣಕ್ಕೆ ಇಳಿಯುವಾಗಲೇ ಸುತ್ತಲಿನ ಹೆಂಗಸರೆಲ್ಲ ಬ್ಯಾಗು ತೆರೆದು ಶಾಲು ತೆಗೆದರು. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಬಿಟ್ಟಿದ್ದರೆ ವಲಸೆ ಸಾಲಿನಲ್ಲಿ ಏನು ಮಾಡುವುದು?

ಇಸ್ಫಹಾನ್‌ನ ಬಟ್ಟೆ ಅಂಗಡಿಯೊಂದರಲ್ಲಿ ನನಗೊಂದು ಖುಷಿ ಆಯಿತು. ಅಂಗಡಿಯವರು ನನ್ನ ಹೆಗಲು ತೋರಿಸಿ "ಶಾಲ್" ಅಂದರು. ನಾನು "ಹೌದು, ಶಾಲು" ಅಂದೆ. ನಾವು ದಿನಾ ಆಡುವ ಶಾಲು, ರುಮಾಲು, ಪೈಜಾಮ ಎಲ್ಲವೂ ಅವರ ಫಾರ್ಸಿ ಭಾಷೆಯಿಂದ ಬಂದ ಮಾತುಗಳು. ನಾವು ಹಾಸಿಗೆ ಮೇಲೆ ಹೊದೆಯುವ ಚಾದರವೂ, ಅಲ್ಲಿಯ ಹೆಂಗಸರು ತಲೆಯಿಂದ ಕಾಲಿನವರೆಗೆ ಹೊದೆಯುವ ಚಾದೋರ್‌ನ ಬಂಧುವೇ.

ಆ ಚಾದೋರ್ ಬಗ್ಗೆ ಒಂದು ಮಾತು. ದೊಡ್ಡ ದರ್ಗಾಗಳ ಒಳಗೆ ಶಾಲು ಸಾಲದು, ಚಾದೋರ್ ಬೇಕು. ಕೊಂಡು ಒಯ್ಯಬೇಡಿ. ತೆಹರಾನ್‌ನ ತಜ್ರೀಶ್‌ನಲ್ಲಿರುವ ಇಮಾಮ್‌ಜಾದೆ ಸಾಲೆಹ್ ದರ್ಗಾದಲ್ಲಿ ಬಾಗಿಲ ಹತ್ತಿರವೇ ಹೂವಿನ ಚಿತ್ರದ ತೆಳು ಚಾದೋರ್ ಕೊಟ್ಟರು, ಹೊರಗೆ ಬರುವಾಗ ವಾಪಸ್ ಕೊಟ್ಟೆವು. ಅದಕ್ಕೆ ಗುಂಡಿ ಇಲ್ಲ, ಕಟ್ಟಲು ದಾರ ಇಲ್ಲ. ಅರ್ಧ ಚಂದ್ರದ ಆಕಾರದ ಬಟ್ಟೆ. ಗಲ್ಲದ ಕೆಳಗೆ ಕೈಯಲ್ಲೇ ಹಿಡಿದುಕೊಳ್ಳಬೇಕು. ಕೈಯಲ್ಲಿ ಚಪ್ಪಲಿ ಚೀಲ, ಗ್ಲೌಸ್, ಫೋನ್ ಇದ್ದರೆ ಕಷ್ಟ. ಉದ್ದ ಪಟ್ಟಿಯ ಚಿಕ್ಕ ಬ್ಯಾಗನ್ನು ಅಡ್ಡಲಾಗಿ ಹಾಕಿಕೊಂಡು, ಗ್ಲೌಸನ್ನು ಕೋಟಿನ ಜೇಬಿಗೆ ತುರುಕಿ, ಆಮೇಲೆ ಚಾದೋರ್ ಹೊದ್ದುಕೊಳ್ಳಿ. ಅಲ್ಲಿದ್ದ ಒಬ್ಬ ಅಜ್ಜಿ ನನ್ನ ಕೈ ಸರಿ ಮಾಡಿ, ಬಟ್ಟೆಯ ಎರಡು ಅಂಚನ್ನು ಕಂಕುಳಲ್ಲಿ ಸಿಕ್ಕಿಸುವುದು ಹೇಗೆ ಅಂತ ತೋರಿಸಿಕೊಟ್ಟರು. ಅವರ ಬೆರಳು ತಣ್ಣಗಿತ್ತು. ಮಾತು ಒಂದೂ ಅರ್ಥವಾಗಲಿಲ್ಲ, ನನ್ನ ಕೆನ್ನೆ ತಟ್ಟಿ ಒಳಗೆ ಹೋದರು.

ಬೂಟಿನ ಬಗ್ಗೆ ನನಗೆ ಬೇಜಾರಿದೆ. ನೀರು ಒಳಗೆ ಹೋಗುವುದಿಲ್ಲ ಅಂತ ಹೇಳಿ ಮಾರಿದ್ದರು. ತಬ್ರೀಜ್ ಹತ್ತಿರ ಕಂದೋವಾನ್ ಅಂತ ಹಳ್ಳಿ ಇದೆ, ಶಂಕುವಿನಂಥ ಬಂಡೆಗಳನ್ನು ಕೊರೆದು ಮನೆ ಮಾಡಿದ್ದಾರೆ, ಇವತ್ತಿಗೂ ಜನ ವಾಸ ಇದ್ದಾರೆ. ಅಲ್ಲಿ ಕರಗುತ್ತಿದ್ದ ಹಿಮದಲ್ಲಿ ಅರ್ಧ ಗಂಟೆ ನಡೆದಿದ್ದಕ್ಕೆ ಅಟ್ಟೆ ಸೇರುವ ಹೊಲಿಗೆಯಿಂದ ನೀರು ಒಳಗೆ ಬಂತು. ಜೊತೆಗೆ ಲೇಸ್ ಕಟ್ಟುವ ಬೂಟು. ಮನೆಗಳಲ್ಲಿ, ದರ್ಗಾಗಳಲ್ಲಿ ಬೂಟು ಬಿಚ್ಚಲೇಬೇಕು. ಪ್ರತಿ ಸಲ ಬಾಗಿ ಲೇಸ್ ಬಿಚ್ಚುವಷ್ಟರಲ್ಲಿ ಶಾಲು ಮುಂದೆ ಬಿದ್ದಿರುತ್ತದೆ. ಪಕ್ಕದಲ್ಲಿ ಜಿಪ್ ಇರುವ ಬೂಟು ಕೊಳ್ಳಿ. ಮನೆಯಲ್ಲೇ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಪರೀಕ್ಷೆ ಮಾಡಿ. ಅಲ್ಲಿ ಹೋಗಿ ಹೊಸದು ಕೊಳ್ಳುತ್ತೇನೆ ಅನ್ನುವುದು ಸುಲಭ ಅಲ್ಲ. ಹೊರದೇಶದ ಬ್ಯಾಂಕ್ ಕಾರ್ಡ್ ಇರಾನ್‌ನಲ್ಲಿ ನಡೆಯುವುದಿಲ್ಲ, ಒಯ್ದ ನಗದಿನಲ್ಲೇ ಎಲ್ಲಾ ಆಗಬೇಕು.

ಬೂಟು ಬಿಚ್ಚುವುದು ಅಂದರೆ ಸಾಕ್ಸ್ ಎಲ್ಲರಿಗೂ ಕಾಣುತ್ತದೆ. ಹೆಬ್ಬೆರಳು ಹೊರಗೆ ಬಂದ ಸಾಕ್ಸ್ ಒಯ್ಯಬೇಡಿ. ನಾಲ್ಕು ಜೊತೆ ಉಣ್ಣೆ ಸಾಕ್ಸ್ ಸಾಕು. ರಾತ್ರಿ ತೊಳೆದು ರೂಮಿನ ರೇಡಿಯೇಟರ್ ಮೇಲೆ ಹಾಕಿದರೆ ಬೆಳಿಗ್ಗೆ ಗರಿಗರಿ ಒಣಗಿರುತ್ತಿತ್ತು.

ಬೇಡವಾಗಿ ಒಯ್ದದ್ದು: ಎರಡು ದಪ್ಪ ಸ್ವೆಟರ್, ಸೊಂಟಕ್ಕೇ ನಿಲ್ಲುವಂಥವು. ಕೋಟಿನೊಳಗೆ ಜಾಸ್ತಿ ಬಿಸಿ, ಕೋಟು ತೆಗೆದರೆ ಉದ್ದ ಸಾಲದು. ಹನ್ನೆರಡು ದಿನದಲ್ಲಿ ಒಮ್ಮೆಯೂ ಹಾಕಲಿಲ್ಲ. ಜೀನ್ಸ್ ಕೂಡ ಒಂದು ಸಾಕಿತ್ತು, ನೆಂದರೆ ಒಣಗುವುದೇ ಇಲ್ಲ. ಸಡಿಲವಾದ ಉಣ್ಣೆ ಪ್ಯಾಂಟ್ ಒಳ್ಳೆಯದು.

ಅಕ್ಕನ ಆ ಎರಡನೇ ಕುರ್ತಾ ನನ್ನ ಹತ್ತಿರವೇ ಉಳಿಯಿತು. ಮೊಣಕೈ ಹತ್ತಿರ ಸಣ್ಣ ಸಣ್ಣ ಉಣ್ಣೆ ಉಂಡೆ ಎದ್ದಿದೆ, ಕೆಳಗಿನ ಅಂಚಿನಲ್ಲಿ ತಬ್ರೀಜ್‌ನ ಚಹಾದ ಒಂದು ಕಲೆ ಹಾಗೇ ಇದೆ. ತಣ್ಣೀರಲ್ಲಿ ಅದ್ದಿ, ಹಿಂಡದೆ, ಟವೆಲ್ ಮೇಲೆ ಹರಡಿ ಒಣಗಿಸುತ್ತೇನೆ. ಅಕ್ಕ ಇನ್ನೂ ವಾಪಸ್ ಕೇಳಿಲ್ಲ.